ಮಗುವನ್ನು ಎಬ್ಬಿಸು

ಮೇ 28

ಪುಟ್ಟೀ,

ನಿನ್ನ ಕಾಗದ ನಿನ್ನೆ ಬ್ರೆಡ್ಡಿನ ವ್ಯಾನಿನಲ್ಲಿ ಬಂತು. ಈ ಬೆಟ್ಟಕ್ಕೆ ಬ್ರೆಡ್ಡೂ ಟಪಾಲೂ ಒಂದೇ ಗಾಡಿಯಲ್ಲಿ ಬರುವುದರಿಂದ ನಿನ್ನ ಅಕ್ಷರಕ್ಕೆಲ್ಲ ಬ್ರೆಡ್ಡಿನ ವಾಸನೆ. ಹೆರಿಗೆಗೆ ಇನ್ನು ವಾರವೂ ಇಲ್ಲ ಅಂತ ಡಾಕ್ಟರಮ್ಮ ಹೇಳಿದ್ದನ್ನು ಓದಿದೆ. ಮಗಳ ಬಾಣಂತನಕ್ಕೆ ಬರಲಾಗದ ತಾಯಿ ಏನು ಹೇಳಿದರೂ ಬಾಯುಪಚಾರವೇ. ಆದರೂ ಹೇಳುತ್ತೇನೆ, ಕೇಳು.

ಈ ಎದೆಕಾಯಿಲೆಯ ಆಸ್ಪತ್ರೆ ಸೇರಿ ಐದು ತಿಂಗಳಾಯಿತು. ಮೊನ್ನೆಯೂ ಕಫ ಪರೀಕ್ಷೆ ಮಾಡಿದರು. ರೋಗದ ಹುಳ ಇನ್ನೂ ಇದೆಯಂತೆ. ಇನ್ನು ಆರು ತಿಂಗಳು ಬೆಟ್ಟ ಇಳಿಯುವ ಮಾತಿಲ್ಲ. ನನಗೆ ಅದರ ಚಿಂತೆಯಿಲ್ಲ. ನನಗೆ ಭಯ ನನ್ನ ಉಸಿರಿನದು. ನಾನು ಮುಟ್ಟಿದ್ದು, ನಾನು ಊದಿದ್ದು, ನಾನು ನಾಲಿಗೆಯಲ್ಲಿ ಅಂಟಿಸಿದ ಲಕೋಟೆ ನಿನ್ನ ಮನೆಗೆ ಬಂದು, ಅದೇ ಕೈಯಿಂದ ನೀನು ಹಸಿಗೂಸನ್ನು ಎತ್ತಿಕೊಂಡರೆ?

ಅದಕ್ಕೇ ಮಗು ಹುಟ್ಟಿದ ಮೇಲೆ ನನ್ನ ಕಾಗದ ಬಂದರೆ ಬಂದ ಕೂಡಲೇ ಒಡೆಯಬೇಡ. ಬಟ್ಟೆಯಲ್ಲಿ ಹಿಡಿದು ಕಿಟಕಿ ಕಟ್ಟೆಯ ಮೇಲೆ ಬಿಸಿಲಿಗಿಡು. ಎರಡು ದಿನ ಚುರುಕು ಬಿಸಿಲು ಬೀಳಲಿ. ಮೋಡವಿದ್ದ ದಿನ ಲೆಕ್ಕಕ್ಕಿಲ್ಲ. ಆಮೇಲೆ ಓದಿ, ಸೋಪು ಹಾಕಿ ಕೈ ತೊಳೆದುಕೊ. ಪಕ್ಕದ ಮಂಚದ ಟೀಚರ್ ನಗುತ್ತಾರೆ. "ಕಾಗದದೊಳಗೆ ಕೆಮ್ಮು ಕೂತ್ಕೊಂಡ್ ಹೋಗುತ್ತೇನ್ರೀ? ಅದೇನು ಬಸ್ಸಾ?" ಅಂತ. ಅವರಿಗೇನು, ಮಕ್ಕಳಿಲ್ಲ ಮರಿಗಳಿಲ್ಲ. ನನ್ನ ತಲೆ ಮುಟ್ಟಿ ಆಣೆ ಮಾಡು ಅನ್ನೋಣವೆಂದರೆ ತಲೆ ಇಲ್ಲಿದೆ, ನೀನು ಅಲ್ಲಿದ್ದೀಯ. ನಿನ್ನ ತಲೆಯನ್ನೇ ಮುಟ್ಟಿಕೊಂಡು ಆಣೆ ಮಾಡು.

ಹೆದರಬೇಡ. ಹೆದರುವ ಕೆಲಸವನ್ನೆಲ್ಲ ನಾನು ಇಲ್ಲಿ ಮಾಡುತ್ತಿದ್ದೇನೆ.

ನಿನ್ನ ಕೆಮ್ಮುವ
ಅಮ್ಮ


ಜೂನ್ 7

ಬೆಟ್ಟದ ಮೇಲಿನ ಅಜ್ಜಿಗೆ,

ಹೌದು, ಅಜ್ಜಿ. ನೀನು ಅಜ್ಜಿಯಾಗಿ ಇವತ್ತಿಗೆ ಐದು ದಿನ. ಜೂನ್ ಎರಡರ ಬೆಳಿಗ್ಗೆ ಹುಟ್ಟಿದ. ಗಂಡು. ಎರಡು ಕೆಜಿ ಒಂಬೈನೂರು ಗ್ರಾಂ. ಮೂಗು ನಿನ್ನದು, ಕಿವಿ ಅವರಪ್ಪನದು, ಮಿಕ್ಕಿದ್ದೆಲ್ಲ ರಾಜಕುಮಾರನದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ನಗುತ್ತೀಯ, ನಗು. ನಿನ್ನ ಅಳಿಯ ಎರಡು ದಿನ ಇದ್ದರು. ವೆಲ್ಡಿಂಗ್ ಮಾಡಿ ಮಾಡಿ ಕೈ ಒರಟಾಗಿದೆಯಂತೆ, ಮಗುವಿನ ಕೆನ್ನೆ ತರಚೀತು ಅಂತ ಹೆದರಿ ಒಂದೇ ಬೆರಳಿನ ಹಿಂಬದಿಯಿಂದ ಮುಟ್ಟಿದರು. ಸೇತುವೆ ಕೆಲಸಕ್ಕೆ ವಾಪಸು ಹೋಗಿದ್ದಾರೆ, ಇನ್ನು ತಿಂಗಳ ಕೊನೆಗೆ ಬರುವುದು. ಅತ್ತೆಯವರು ಇದ್ದಿದ್ದರೆ ಜೊತೆಗಿರುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಹಾಗಾಗಿ ಈ ಎರಡನೇ ಮಹಡಿಯ ಕೋಣೆಯಲ್ಲಿ ನಾವಿಬ್ಬರೇ.

ಆದರೆ ನೀನು ಚಿಂತೆ ಮಾಡಬೇಡ ಅಮ್ಮ. ಇವನಂಥ ಜಾಣನನ್ನು ನಾನು ನೋಡಿಯೇ ಇಲ್ಲ. ಅಳುವುದೇ ಇಲ್ಲ! ಮನೆಗೆ ಬಂದ ಮೊದಲ ದಿನ ಸ್ವಲ್ಪ ಕುಸುಕುಸು ಅಂದ, ಆಮೇಲೆ ಅದೂ ಇಲ್ಲ. ಐದು ಗಂಟೆ, ಆರು ಗಂಟೆ ಒಂದೇ ಸಮನೆ ಮಲಗುತ್ತಾನೆ. ದಿನಕ್ಕೆ ನಾಲ್ಕು ಸಲ ಹಾಲು, ಬಹಳವಾದರೆ ಐದು. ಎದೆಗೆ ಹಾಕಿದರೆ ನಾಲ್ಕು ಗುಟುಕು ಎಳೆದು ಮತ್ತೆ ನಿದ್ದೆ. ಬಟ್ಟೆ ಒಗೆಯುವ ಕೆಲಸವೂ ಕಡಿಮೆ, ನಿನ್ನೆ ಎರಡೇ ಎರಡು ಒದ್ದೆಯಾಗಿದ್ದವು. ಹುಟ್ಟಿದಾಗ ಕೆಂಪಗಿದ್ದವನು ಈಗ ಚಿನ್ನದ ಬಣ್ಣಕ್ಕೆ ತಿರುಗುತ್ತಿದ್ದಾನೆ.

ಹೋದ ವರ್ಷ ನಮ್ಮ ಪ್ರೆಸ್ಸಿನಲ್ಲಿ ಮಕ್ಕಳನ್ನು ಸಾಕುವ ಬಗ್ಗೆ ಒಂದು ಹಳೆಯ ಪುಸ್ತಕ ಮತ್ತೆ ಅಚ್ಚಾಯಿತಲ್ಲ, ಕರಡು ತಿದ್ದಿದ್ದು ನಾನೇ. ನಾಲ್ಕು ಗಂಟೆಗೊಮ್ಮೆ ಹಾಲು, ಮಲಗಿದ ಮಗುವನ್ನು ಎಬ್ಬಿಸಕೂಡದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಎಪ್ಪತ್ತೆರಡು ಪುಟದಲ್ಲಿ ಒಂದು ಅಕ್ಷರ ತಪ್ಪು ಉಳಿಯಲು ನಾನು ಬಿಟ್ಟಿಲ್ಲ. ಕೆಳಗಿನ ಅಂಗಡಿಯ ದರ್ಜಿ, ಸೂಜಿ ಅಕ್ಕ ಅಂತ ಬರೆದಿದ್ದೆನಲ್ಲ, ಯಾವಾಗಲೂ ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುವವಳು, ಅವಳು ಮಾತ್ರ ದಿನಾ ಮೆಟ್ಟಿಲಿನಿಂದ ಕೂಗುತ್ತಾಳೆ. "ಏನಮ್ಮಾ, ಮೇಲೆ ಮಗು ಇದ್ಯೋ ಇಲ್ವೋ ಅನ್ನೋ ಹಾಗಿದೆ! ನನ್ನವು ಎರಡು ಗಂಟೆಗೊಂದ್ಸಲ ಜೀವ ತಿಂತಿದ್ವು." ಬಾಯಿಗೆ ಬಂದದ್ದನ್ನು ಅಂದುಬಿಡುತ್ತಾಳೆ. ಅವಳ ಐದು ಮಕ್ಕಳ ಕೂಗಾಟಕ್ಕೆ ಬೀದಿಯ ನಾಯಿ ಊರು ಬಿಟ್ಟಿದೆ. ಅವಳಿಂದ ನಾನು ಪಾಠ ಕಲಿಯಬೇಕೇ?

ಬೇಜಾರು ಮಾಡಿಕೊಳ್ಳುವುದಿಲ್ಲ ಅಂದರೆ ಒಂದು ಮಾತು. ನನಗೆ ಹತ್ತು ವರ್ಷವಾಗುವವರೆಗೆ ನೀನು ನನ್ನನ್ನು ನೆಮ್ಮದಿಯಾಗಿ ಮಲಗಲು ಬಿಟ್ಟವಳಲ್ಲ. ರಜೆಯ ಮಧ್ಯಾಹ್ನ ಮಲಗಿದರೂ ಬಂದು ಭುಜ ಹಿಡಿದು ಅಲ್ಲಾಡಿಸುತ್ತಿದ್ದೆ. ಬೆಚ್ಚಿಬಿದ್ದು ಕಣ್ಣು ಬಿಟ್ಟರೆ, "ಏನಿಲ್ಲ, ಮಲಗು" ಅಂತ ಹೋಗುತ್ತಿದ್ದೆ. ನನ್ನ ಮಗುವನ್ನು ಯಾರೂ ಹೀಗೆ ಎಬ್ಬಿಸಬಾರದು ಅಂತ ಆಗಲೇ ತೀರ್ಮಾನಿಸಿದ್ದೆ.

ನಿನ್ನ ಆಣೆ ನೆನಪಿದೆ. ಕಿಟಕಿ ಕಟ್ಟೆಯನ್ನು ಒರೆಸಿ ಇಟ್ಟಿದ್ದೇನೆ.

ನಿನ್ನ ಪುಟ್ಟಿ,
ಈಗ ಒಬ್ಬನ ಅಮ್ಮ


ಜೂನ್ 9

ಪುಟ್ಟೀ,

ಇಷ್ಟು ಓದಿದ ಕೂಡಲೇ ಮಗುವನ್ನು ಎಬ್ಬಿಸು. ಮಿಕ್ಕಿದ್ದನ್ನು ಆಮೇಲೆ ಓದು.

ಎಬ್ಬಿಸಿದೆಯಾ? ಏಳದಿದ್ದರೆ ಹೊದಿಕೆ ತೆಗೆ. ಒದ್ದೆ ಬಟ್ಟೆ ಬದಲಾಯಿಸು. ಅಂಗಾಲು ಉಜ್ಜು, ಬೆನ್ನು ನೀವು, ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮುಖ ಒರೆಸು. ನಿನ್ನ ಮೈಗೆ ಅವನ ಬರಿಮೈ ತಾಗುವ ಹಾಗೆ ಮಲಗಿಸಿಕೊ. ಒಂದು ಕಡೆ ಕುಡಿದು ತೂಕಡಿಸಿದರೆ ಎತ್ತಿ ಎಚ್ಚರಿಸಿ ಇನ್ನೊಂದು ಕಡೆ ಹಾಕು. ಎರಡು ಗಂಟೆಗೊಮ್ಮೆ, ತೀರಾ ಅಂದರೆ ಮೂರು ಗಂಟೆಗೊಮ್ಮೆ. ಹಗಲೂ ಹಾಗೇ, ರಾತ್ರಿಯೂ ಹಾಗೇ. ಈ ವಾರ್ಡಿನ ದೊಡ್ಡ ಸಿಸ್ಟರ್ ಮೊದಲು ಹೆರಿಗೆ ವಾರ್ಡಿನಲ್ಲಿ ಹನ್ನೊಂದು ವರ್ಷ ಇದ್ದವರು. ನಿನ್ನ ಕಾಗದ ಅವರಿಗೆ ಓದಿ ಹೇಳಿದೆ. ಓದುತ್ತ ಓದುತ್ತ ಅವರ ಮುಖ ನೋಡಿದೆ, ನಗುತ್ತಿದ್ದವರು ನಗು ನಿಲ್ಲಿಸಿದರು. "ನಾಲ್ಕೈದು ಸಲ ಸಾಲದು ಕಣಮ್ಮ. ಇಪ್ಪತ್ತನಾಲ್ಕು ಗಂಟೆಯಲ್ಲಿ ಎಂಟು ಸಲವಾದ್ರೂ ಕುಡೀಬೇಕು, ಹನ್ನೆರಡಾದ್ರೂ ಸರಿ. ಒದ್ದೆ ಬಟ್ಟೆ ಆರಾದ್ರೂ ಇರ್ಬೇಕು" ಅಂದರು.

ಚಿನ್ನದ ಬಣ್ಣ ಅಂದೆಯಲ್ಲ, ಅದು ಚಿನ್ನವಲ್ಲ, ಕಾಮಾಲೆ ಇರಬಹುದು. ಬೆಳಕಿಗೆ ಕರೆದುಕೊಂಡು ಹೋಗಿ ಹಣೆಯನ್ನು ಬೆರಳಿನಿಂದ ಒತ್ತಿ ಬಿಡು. ಬೆರಳು ತೆಗೆದ ಜಾಗ ಹಳದಿಯಾಗಿ ಕಂಡರೆ, ಕಣ್ಣಿನ ಬಿಳಿ ಹಳದಿಯಾಗಿದ್ದರೆ, ನಾಳೆ ಅನ್ನಬೇಡ, ಸಂಜೆ ಅನ್ನಬೇಡ, ಹಾಗೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡು.

ಅಳುವುದಿಲ್ಲ ಅಂತ ಜಾಣ ಅನ್ನಬೇಡ. ಆ ಮಾತು ನನ್ನ ಮುಂದೆ ಬೇಡ. ಹಸಿದ ಮಗು ಅಳುತ್ತದೆ ಅಂತ ಎಲ್ಲರಿಗೂ ಗೊತ್ತು. ತುಂಬಾ ಹಸಿದ ಮಗು ಅಳುವುದಿಲ್ಲ ಪುಟ್ಟೀ. ಅಳುವುದಕ್ಕೂ ಶಕ್ತಿ ಬೇಕಲ್ಲ.

ಯಾಕೆ, ಏನು ಅಂತ ನನ್ನನ್ನು ಕೇಳಬೇಡ. ಎಬ್ಬಿಸು, ಅಷ್ಟೇ. ವ್ಯಾನು ಹಾರ್ನ್ ಹೊಡೆಯುತ್ತಿದೆ.

ಅಮ್ಮ


ಜೂನ್ 11 (ಕಾರ್ಡು)

ಅಂಚೆಯಣ್ಣ, ನಿಮ್ಮ ಕಾಲಿಗೆ ಬೀಳುತ್ತೇನೆ, ಇದನ್ನು ಡಬ್ಬಿಗೆ ಹಾಕಬೇಡಿ, ಮೇಲೆ ಹೋಗಿ ಕೈಗೇ ಕೊಡಿ.

ಪುಟ್ಟೀ, ಒಂಬತ್ತನೇ ತಾರೀಖಿನ ಕಾಗದ ಬಿಸಿಲಿಗಿಡಬೇಡ, ಈಗಲೇ ಒಡೆ. ಇಷ್ಟು ಹೊತ್ತಿಗೆ ಮುಟ್ಟಿರುತ್ತದೆ, ಓದಿರುತ್ತಾಳೆ ಅಂತ ಲೆಕ್ಕ ಹಾಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಗ ನನ್ನ ಆಣೆಯೇ ನನಗೆ ನೆನಪಾಯಿತು. ತಂತಿ ಕೊಡಿಸೋಣವೆಂದರೆ ಗಾಳಿಗೆ ಕಂಬ ಬಿದ್ದು ನಾಲ್ಕು ದಿನದಿಂದ ಫೋನೂ ಇಲ್ಲ, ತಂತಿಯೂ ಇಲ್ಲ. ಮಗುವನ್ನು ಎಬ್ಬಿಸು. ಅಳದಿದ್ದರೂ ಎಬ್ಬಿಸಿ ಹಾಲು ಕೊಡು, ಎರಡು ಗಂಟೆಗೊಮ್ಮೆ. ಮೈ ಹಳದಿಯಾಗಿದ್ದರೆ ಆಸ್ಪತ್ರೆಗೆ ಓಡು. ಆಣೆಗೆ ಬೆಂಕಿ ಬೀಳಲಿ.

ಅಮ್ಮ


ಜೂನ್ 15
ಮಕ್ಕಳ ವಾರ್ಡು

ಅಮ್ಮ,

ಮಗು ಇದೆ. ಅದನ್ನೇ ಮೊದಲು ಬರೆಯುತ್ತಿದ್ದೇನೆ.

ನಮ್ಮ ಅಂಚೆಯವರು ಎಂದೂ ಮೆಟ್ಟಿಲು ಹತ್ತಿದವರಲ್ಲ. ಮಂಡಿನೋವು. ಕೆಳಗೆ ಡಬ್ಬಿಗೆ ಹಾಕಿ ಗಂಟೆ ಬಾರಿಸಿ ಹೋಗುತ್ತಾರೆ. ಮೊನ್ನೆ ಹದಿಮೂರರ ಬೆಳಿಗ್ಗೆ ಹನ್ನೊಂದೂವರೆಗೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಬಾಗಿಲು ತೆಗೆದರೆ ಏದುಸಿರು ಬಿಡುತ್ತ ನಿಂತಿದ್ದಾರೆ. "ಇನ್ನೊಬ್ಬರ ಕಾರ್ಡು ಓದಬಾರದು, ಓದ್ಬಿಟ್ಟೆ ಕಣಮ್ಮ. ತಪ್ಪಾಯ್ತು. ಮೊದ್ಲು ಹೋಗಿ ಮಗು ಎಬ್ಸು."

ಬೆಳಿಗ್ಗೆ ಆರಕ್ಕೆ ಮಲಗಿದ್ದ. ನಾನು ಕೋಣೆ ಗುಡಿಸಿ, ತಲೆ ಬಾಚಿಕೊಂಡು, ಹಾಯಾಗಿ ಕೂತು ಟೀ ಕುಡಿಯುತ್ತಿದ್ದೆ. ಹೋಗಿ ಕರೆದೆ. ಅಂಗಾಲು ಉಜ್ಜಿದೆ. ಮುಖಕ್ಕೆ ನೀರು ಹಚ್ಚಿದೆ. ರೆಪ್ಪೆ ಎಳೆಯಷ್ಟು ತೆರೆದು ಮುಚ್ಚಿದ. ಆ ಎಳೆಯಷ್ಟರಲ್ಲೇ ಕಣ್ಣಿನ ಬಿಳಿ ಅರಿಸಿನದ ಹಾಗೆ ಕಂಡಿತು. ಎದೆಗೆ ಹಾಕಿಕೊಂಡೆ. ಬಾಯಿ ಮುಚ್ಚಲಿಲ್ಲ. ನನ್ನ ಎದೆ ಕಲ್ಲಾಗಿ ತುಂಬಿತ್ತು, ಹಾಲು ತಾನಾಗಿ ಸುರಿದು ಅವನ ತುಟಿಯ ಮೇಲೆ ಹರಿದು ಕೆನ್ನೆಗೆ ಇಳಿಯಿತು. ಅವನು ನುಂಗಲಿಲ್ಲ ಅಮ್ಮ. ನಾನು ಏನೆಂದು ಕಿರುಚಿದೆನೋ ನನಗೆ ಗೊತ್ತಿಲ್ಲ, ಸೂಜಿ ಅಕ್ಕ ಯಾರದ್ದೋ ರವಿಕೆಯನ್ನು ಮಷೀನಿನಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿ ಬಂದಳು. ಮಗುವನ್ನು ಕಿತ್ತುಕೊಂಡು ತನ್ನ ಸೆರಗಿನೊಳಗೆ ಹಾಕಿಕೊಂಡಳು. ಅಂಚೆಯವರು ರಸ್ತೆಗೆ ಅಡ್ಡ ನಿಂತು, ಬಂದ ಮೊದಲ ಗಾಡಿ ನಿಲ್ಲಿಸಿದರು. ಅದು ಗ್ಯಾಸ್ ಸಿಲಿಂಡರಿನ ಗಾಡಿ.

ಎರಡು ಕೆಜಿ ನಾನೂರು ಗ್ರಾಂ. ಹುಟ್ಟಿದ್ದಕ್ಕಿಂತ ಅರ್ಧ ಕೆಜಿ ಕಡಿಮೆ. ಕಾಮಾಲೆ ಏರಿಬಿಟ್ಟಿದೆ, ನೀರಿನಂಶ ಹೋಗಿದೆ. ಕಾಮಾಲೆಗೆ ಮಂಪರು, ಮಂಪರಿಗೆ ಹಾಲು ಕುಡಿಯುವುದಿಲ್ಲ, ಹಾಲು ಕುಡಿಯದೆ ಕಾಮಾಲೆ ಇನ್ನಷ್ಟು, ಅಂತ ಡಾಕ್ಟರ್ ಗಾಳಿಯಲ್ಲಿ ಬೆರಳಿನಿಂದ ಸುತ್ತು ಹಾಕಿ ತೋರಿಸಿದರು. "ನಾಲ್ಕು ಗಂಟೆ ಅಂತ ಯಾರಮ್ಮ ಹೇಳಿದ್ದು ನಿನಗೆ?" ಅಂದರು. ಪುಸ್ತಕ ಅಂದೆ. ಯಾವ ಪುಸ್ತಕ ಅಂದರು. ಅದರಲ್ಲಿ ಅಕ್ಷರ ಒಂದೂ ತಪ್ಪಿಲ್ಲ ಅಮ್ಮ. ನಾನೇ ಗ್ಯಾರಂಟಿ.

ಈಗ ಅವನು ನೀಲಿ ದೀಪದ ಕೆಳಗೆ ಬರಿಮೈಯಲ್ಲಿ ಮಲಗಿದ್ದಾನೆ. ಕಣ್ಣಿಗೆ ಪಟ್ಟಿ, ಕೈಗೆ ಸೂಜಿ. ನಾನು ಎರಡು ಗಂಟೆಗೊಮ್ಮೆ ಹಾಲು ಹಿಂಡಿ ಕೊಡುತ್ತೇನೆ, ನರ್ಸ್ ಸಣ್ಣ ನಳಿಕೆಯಲ್ಲಿ ಇಳಿಸುತ್ತಾರೆ. ಇವತ್ತು ಒಂದು ಸಲ ಚಮಚದಿಂದ ಕುಡಿದ. ನರ್ಸ್ ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. "ಅಳೋವರೆಗೂ ಕಾಯ್ಬೇಡ. ತುಟಿ ಚಪ್ಪರಿಸಿದ್ರೆ ಹಸಿವು, ಮುಷ್ಟಿ ಬಾಯಿಗೆ ಹೋದ್ರೆ ಹಸಿವು, ತಲೆ ಆ ಕಡೆ ಈ ಕಡೆ ಹೊರಳಿಸಿದ್ರೆ ಹಸಿವು. ಅಳೋದು ಕೊನೇದು." ಡಾಕ್ಟರ್ ಮಾತ್ರ ಎರಡು ದಿನ ನೋಡೋಣ ಅನ್ನುತ್ತಾರೆ. ನೋಡೋಣ ಅಂದರೆ ಏನು ನೋಡುವುದು?

ನಿನ್ನ ಒಂಬತ್ತನೇ ತಾರೀಖಿನ ಕಾಗದವನ್ನು ಸೂಜಿ ಅಕ್ಕ ಇವತ್ತು ತಂದುಕೊಟ್ಟಳು. ಅದು ಹನ್ನೊಂದಕ್ಕೇ ಬಂದಿತ್ತು. ಎರಡು ದಿನ ಮೋಡವಿತ್ತು, ಲೆಕ್ಕಕ್ಕೆ ಹಿಡಿಯಲಿಲ್ಲ. ತೊಟ್ಟಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕಿಟಕಿ ಕಟ್ಟೆಯ ಮೇಲೆ, ಅಂಟು ಬಿಡಿಸದೆ ಇತ್ತು. ಅದರ ಎದುರಿಗೇ ಕೂತು ನಾನು ಬಿಸಿಲು ಬರಲಿ ಅಂತ ಕಾಯುತ್ತಿದ್ದೆ.

ಒಂದು ಕೇಳುತ್ತೇನೆ. ತುಂಬಾ ಹಸಿದ ಮಗು ಅಳುವುದಿಲ್ಲ ಅಂತ ನಿನಗೆ ಹೇಗೆ ಗೊತ್ತು? ಗೊತ್ತಿದ್ದರೆ ನಾನು ಬಸುರಿಯಾಗಿದ್ದ ಒಂಬತ್ತು ತಿಂಗಳಲ್ಲಿ ಯಾಕೆ ಹೇಳಲಿಲ್ಲ? ಕಾಗದ ಒಣಗಿಸುವುದು ಹೇಗೆ ಅಂತ ಒಂದು ಪುಟ ಬರೆದೆ. ಇದಕ್ಕೆ ನಿನ್ನಲ್ಲಿ ಒಂದು ಸಾಲು ಇರಲಿಲ್ಲವಾ?

ಪುಟ್ಟಿ


ಜೂನ್ 17

ಪುಟ್ಟೀ,

ಮಗು ಇದೆ ಅಂತ ಬರೆದೆಯಲ್ಲ, ಆ ಎರಡು ಪದವನ್ನು ದೊಡ್ಡ ಸಿಸ್ಟರ್ ಕೈಯಲ್ಲಿ ಮತ್ತೊಮ್ಮೆ ಓದಿಸಿದೆ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಬರಲಿಲ್ಲ.

ನೀನು ಕೇಳಿದೆ. ಹೇಳುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಬಾಯಿ ಬಿಟ್ಟಿಲ್ಲ.

ನಿನಗಿಂತ ಮೊದಲು ಒಂದು ಮಗುವಿತ್ತು. ಹೆಣ್ಣು. ನಿನ್ನ ಅಕ್ಕ.

ಆಗ ನಾವು ನೂಲಿನ ಮಿಲ್ಲಿನ ಲೈನ್ ಮನೆಯಲ್ಲಿದ್ದೆವು. ಎಂಟು ಮನೆ ಸಾಲಾಗಿ, ನಡುವೆ ಒಂದೊಂದು ತೆಳು ಗೋಡೆ. ಮಿಲ್ಲಿನಲ್ಲಿ ಮೂರು ಪಾಳಿ. ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಸಾಲಿನಲ್ಲಿ ಯಾರೋ ಒಬ್ಬರು ಮಲಗಿರುತ್ತಿದ್ದರು. ಯಾವ ಮನೆಯಲ್ಲಿ ಮಗು ಅತ್ತರೂ ಆಚೆಯವರು ಗೋಡೆ ಗುದ್ದುತ್ತಿದ್ದರು. ಪಾಪ, ಅವರದೂ ತಪ್ಪಲ್ಲ, ನಿದ್ದೆಗೆಟ್ಟು ಮಷೀನಿಗೆ ಕೈ ಕೊಟ್ಟವರನ್ನು ನಾವೆಲ್ಲ ನೋಡಿದ್ದೆವು. ನಮ್ಮ ಗೋಡೆಯನ್ನು ಮಾತ್ರ ಯಾರೂ ಗುದ್ದಲಿಲ್ಲ. ಎಂಥ ಜಾಣೆಯನ್ನು ಹೆತ್ತಿದ್ದೀಯೆ, ಇದ್ದರೆ ಇಂಥ ಮಗು ಇರಬೇಕು ಅಂತ ಸಾಲಿಗೆ ಸಾಲೇ ಹೊಗಳಿತು. ನಾನು ಬೀಗಿದೆ. ಗುದ್ದಿಸಿಕೊಳ್ಳದ ಗೋಡೆ ನಮ್ಮದು ಅಂತ ಬೀಗಿದೆ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಅಂತ ಜನ ಗಾದೆ ಹೇಳುತ್ತಾರೆ. ಸಂಬಳ ಹೆಚ್ಚಿಸಿ ಅಂತ ಬಾಯಿ ಬಿಟ್ಟು ಕೇಳದವರಿಗೆ ಹೇಳುವ ಮಾತು ಅದು. ಮಿಲ್ಲಿನಲ್ಲಿ ಯಾರಾದರೂ ಅದನ್ನು ಹೇಳಿ ನಕ್ಕರೆ ನಾನು ಎದ್ದು ನಲ್ಲಿಯ ಹತ್ತಿರ ಹೋಗುತ್ತಿದ್ದೆ. ನನಗೆ ಅದು ಗಾದೆಯಲ್ಲ.

ಹನ್ನೆರಡನೆಯ ದಿನ. ನಿಮ್ಮಪ್ಪ ಪಾಳಿಗೆ ಹೋಗಿದ್ದರು. ಊಟವಾದ ಮೇಲೆ ಅವಳನ್ನು ಪಕ್ಕದಲ್ಲಿ ಹಾಕಿಕೊಂಡು ನಾನೂ ಮಲಗಿದೆ. ನಾಲ್ಕು ಗಂಟೆಯ ಸೈರನ್ ಆಯಿತು. ನಾನು ಎದ್ದೆ.

ಆಮೇಲೆ ನೀನು ಬಂದೆ. ನೀನು ಅತ್ತರೆ ನನಗೆ ಹಬ್ಬ. ಗೋಡೆ ಗುದ್ದಿದರೆ ನಾನೂ ತಿರುಗಿ ಗುದ್ದುತ್ತಿದ್ದೆ. ನೀನು ಮಲಗಿದರೆ ಮಾತ್ರ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ನಿನಗೆ ಐದು ವರ್ಷವಾದರೂ, ಎಂಟಾದರೂ. ಭುಜ ಹಿಡಿದು ಅಲ್ಲಾಡಿಸಿ, ನೀನು ಕಣ್ಣು ಬಿಟ್ಟು ಸಿಡುಕಿದ ಮೇಲೆ ನನಗೆ ಉಸಿರು ಬರುತ್ತಿತ್ತು.

ಬಸುರಿಗೆ ಹೇಳುವ ಮಾತಲ್ಲ ಅಂದುಕೊಂಡೆ. ಹೇಳಿದರೆ ನನ್ನ ಭಯ ನಿನಗೂ ಅಂಟುತ್ತದೆ ಅಂದುಕೊಂಡೆ. ಕೆಮ್ಮು ಅಂಟದಿರಲಿ ಅಂತ ಕಾಗದ ಒಣಗಿಸಲು ಹೇಳಿದೆ, ಭಯ ಅಂಟದಿರಲಿ ಅಂತ ಬಾಯಿ ಮುಚ್ಚಿಕೊಂಡೆ. ಎರಡೂ ಸೇರಿ ನಿನ್ನ ಮಗುವನ್ನು ಎಲ್ಲಿಗೆ ತಂದವು ನೋಡು. ಇಲ್ಲಿನ ಡಾಕ್ಟರನ್ನು ನಿನ್ನೆ ಕೇಳಿದೆ. ಕಾಗದದಿಂದ ಈ ರೋಗ ಹರಡುವುದಿಲ್ಲವಂತೆ. ಟೀಚರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಎರಡು ದಿನ ನೋಡೋಣ ಅಂದಿದ್ದರಲ್ಲ, ಇವತ್ತಿಗೆ ಎರಡು ದಿನವಾಯಿತು. ಏನೇ ಆಗಿರಲಿ, ಬರೆ.

ಅಮ್ಮ


ಜುಲೈ 4

ಪುಟ್ಟೀ,

ಅಳಿಯಂದಿರ ಕಾರ್ಡು ಹೋದ ವಾರ ಬಂತು. "ಮಗು ಮನೆಗೆ ಬಂದಿದೆ. ಕಾಮಾಲೆ ಇಳಿದಿದೆ. ಎದೆಹಾಲು ಕುಡಿಯುತ್ತಿದೆ. ತೂಕ ಏರುತ್ತಿದೆ." ನಾಲ್ಕೇ ವಾಕ್ಯ, ಒಂದೊಂದಕ್ಕೂ ಬೆಸುಗೆ ಹಾಕಿದ ಹಾಗೆ ಒತ್ತಿ ಬರೆದಿದ್ದಾರೆ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಿನ್ನ ಅಕ್ಷರ ಎಲ್ಲೂ ಇರಲಿಲ್ಲ.

ನನ್ನ ಕಾಗದ ಮುಟ್ಟಿತು ತಾನೇ? ಮುಟ್ಟಿತೋ ಇಲ್ಲವೋ ಅನ್ನುವ ಭಯ ಒಂದು, ಮುಟ್ಟಿದ್ದಕ್ಕೇ ಬರೆಯುತ್ತಿಲ್ಲ ಅನ್ನುವ ಭಯ ಇನ್ನೊಂದು. ವ್ಯಾನು ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಬರದಿದ್ದರೆ ಇನ್ನೂ ಜೋರು. ದೊಡ್ಡ ಸಿಸ್ಟರ್ ನಾಡಿ ಹಿಡಿದು, "ಇದು ಕಾಯಿಲೆದಲ್ಲ ಕಣಮ್ಮ, ಟಪಾಲಿಂದು" ಅಂದರು.

ಬೈದಾದರೂ ಬರೆ. ನಿನ್ನ ಬೈಗುಳವನ್ನು ನಾನು ಒಣಗಿಸಲು ಇಡುವುದಿಲ್ಲ, ಬಂದ ಕೂಡಲೇ ಓದುತ್ತೇನೆ.

ಅಮ್ಮ


ಜುಲೈ 21
ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ

ಅಮ್ಮ,

ಎರಡೂ ಕಡೆ ಕುಡಿದು ಈಗಷ್ಟೇ ಮಲಗಿದ. ಅವನು ಏಳುವವರೆಗೆ ಈ ಕಾಗದ ಬರೆಯುತ್ತಿರುತ್ತೇನೆ. ಯಾಕೆ ಅಂತ ಹೇಳುತ್ತೇನೆ, ತಾಳು.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಒಂದು ಸಲವೂ ಅವನನ್ನು ಎರಡು ಗಂಟೆಗಿಂತ ಹೆಚ್ಚು ಮಲಗಲು ಬಿಟ್ಟಿಲ್ಲ. ಎರಡು ಅಲಾರಂ ಗಡಿಯಾರ. ಒಂದು ಕೆಟ್ಟರೆ ಅಂತ ಇನ್ನೊಂದು. ನಿನ್ನ ಅಳಿಯ ಬಂದಾಗ, "ನಮ್ಮ ಸೇತುವೆ ಬೋಲ್ಟನ್ನೂ ಇಷ್ಟು ಸಲ ಯಾರೂ ತಟ್ಟಿ ನೋಡಲ್ಲ ಮಾರಾಯ್ತಿ" ಅಂದರು. ಅವನು ಕುಡಿಯುತ್ತಿದ್ದ, ಒದ್ದೆ ಬಟ್ಟೆ ಎಂಟು, ಒಂಬತ್ತು, ದಾರದ ಮೇಲೆ ಜಾಗವಿಲ್ಲ. ಆದರೂ ಮಲಗಿದರೆ ಸಾಕು, ನಾನು ಗಡಿಯಾರ ನೋಡುತ್ತ ತೊಟ್ಟಿಲ ಪಕ್ಕದಲ್ಲೇ ಕೂರುತ್ತಿದ್ದೆ.

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆ. ಮೂರು ಕೆಜಿ ಒಂಬೈನೂರು! ಹುಟ್ಟಿದ್ದಕ್ಕಿಂತ ಒಂದು ಕೆಜಿ ಮೇಲಕ್ಕೆ ಹೋಗಿದ್ದಾನೆ. ಡಾಕ್ಟರ್ ಅವನನ್ನು ನೋಡುವುದಕ್ಕಿಂತ ನನ್ನನ್ನೇ ಹೆಚ್ಚು ನೋಡಿದರು. "ನೀನು ಮಲಗಿ ಎಷ್ಟು ದಿನ ಆಯ್ತಮ್ಮ? ಇನ್ನು ಎಬ್ಬಿಸ್ಬೇಡ. ಆಗ ಅವನಿಗೆ ಏಳೋ ಶಕ್ತಿ ಇರ್ಲಿಲ್ಲ, ಎಬ್ಬಿಸ್ಬೇಕಿತ್ತು. ಈಗ ಇದೆ. ಹಸಿವಾದ್ರೆ ಅವನೇ ಏಳ್ತಾನೆ, ಕೇಳಿದಾಗೆಲ್ಲ ಕೊಡು. ಅವನ್ನ ನಂಬೋದು ಕಲಿ" ಅಂದರು. ಸರಿ ಅಂದೆ. ಅವರಿಗೇನು, ಅಂದುಬಿಟ್ಟರು. ಸೂಜಿ ಅಕ್ಕ ಇವತ್ತು ಬೆಳಿಗ್ಗೆ ಬಂದು ಎರಡೂ ಗಡಿಯಾರಗಳನ್ನು ಹೊತ್ತುಕೊಂಡು ಹೋದಳು. ಗೋಡೆ ಗಡಿಯಾರಕ್ಕೂ ಕೈ ಹಾಕಿದ್ದಳು, ನಾನು ಬಿಡಲಿಲ್ಲ.

ಹನ್ನೆರಡೂ ಕಾಲು

ಎರಡು ಗಂಟೆ ದಾಟಿತು. ಕೈ ಎರಡು ಸಲ ತೊಟ್ಟಿಲವರೆಗೆ ಹೋಗಿ ವಾಪಸು ಬಂತು. ಪೆನ್ನು ಹಿಡಿದಿದ್ದರೆ ಕೈ ಸುಮ್ಮನಿರುತ್ತದೆ ಅಂತ ಬರೆಯುತ್ತಿದ್ದೇನೆ.

ನಿನ್ನ ಹದಿನೇಳನೇ ತಾರೀಖಿನ ಕಾಗದ ಬಂದ ದಿನವೇ ಒಡೆದೆ, ವಾರ್ಡಿನ ಕಾರಿಡಾರಿನಲ್ಲಿ ನಿಂತೇ ಓದಿದೆ. ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತಾರು ವರ್ಷ ನನಗೆ ಒಬ್ಬಳು ಅಕ್ಕನಿದ್ದಳು ಅಂತ ನನಗೇ ಗೊತ್ತಿರಲಿಲ್ಲವಲ್ಲ ಅಂತ. ಆ ಸಿಟ್ಟು ಎರಡು ದಿನಕ್ಕೆ ಇಳಿಯಿತು. ಆಮೇಲೆ ಬರೆಯದೇ ಇದ್ದದ್ದು ನಾಚಿಕೆಗೆ. ನೀನು ಬೀಗಿದೆ ಅಂತ ಬರೆದಿದ್ದೆ. ನಾನೂ ಬೀಗಿದ್ದೆ. ಅಷ್ಟೇ ಅಲ್ಲ, ಬೀಗಿದ್ದನ್ನೆಲ್ಲ ಸಾಲು ಸಾಲಾಗಿ ಬರೆದು ನಿನಗೇ ಕಳಿಸಿದೆ. ಅಳುವುದೇ ಇಲ್ಲ, ಜಾಣ, ಎರಡೇ ಒದ್ದೆ ಬಟ್ಟೆ, ನೀನು ನನ್ನನ್ನು ಮಲಗಲು ಬಿಡಲಿಲ್ಲ. ಆ ಮಂಚದ ಮೇಲೆ ಕೂತು ಅದನ್ನು ನೀನು ಓದಿದೆಯಲ್ಲ ಅಮ್ಮ. ಅದನ್ನು ನೆನೆದಾಗಲೆಲ್ಲ ಪೆನ್ನು ಕೆಳಗಿಟ್ಟೆ.

ಒಂದು ಗಂಟೆ

ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ. ನೂರರವರೆಗೆ ಎಣಿಸಿದೆ, ಮತ್ತೆ ಒಂದರಿಂದ ಶುರು ಮಾಡಿದೆ. ಮೂಗಿನ ಹತ್ತಿರ ಬೆರಳು ಹಿಡಿದೆ, ಮುಟ್ಟಲಿಲ್ಲ.

ಇಷ್ಟು ದಿನ ಯೋಚಿಸಿ ನನಗೆ ತಿಳಿದದ್ದು ಒಂದೇ. ನೀನು ಮಾಡಿದ್ದನ್ನೇ ನಾನೂ ಮಾಡಿದೆ, ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಆದರೆ ಮಗುವನ್ನು ಎಬ್ಬಿಸು ಅಂತ ಹೇಳುವವರು ಆ ಎಂಟು ಮನೆಯಲ್ಲಿ ಒಬ್ಬರೂ ನಿನಗಿರಲಿಲ್ಲ. ನನಗೆ ನೀನಿದ್ದೆ. ಇದರಲ್ಲಿ ನಿನ್ನ ತಪ್ಪು ಎಲ್ಲಿ ಬಂತು? ನಾನು ಕರಡು ತಿದ್ದುವವಳು, ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು. ಹುಡುಕಿದೆ. ಸಿಗಲಿಲ್ಲ.

ಅಕ್ಕನ ಬಗ್ಗೆ ಇನ್ನೂ ಬರೆ. ಅವಳ ಕೂದಲು ಹೇಗಿತ್ತು? ಮೂಗು ನಿನ್ನದಾ, ಅಪ್ಪನದಾ? ಹನ್ನೆರಡು ದಿನದಲ್ಲಿ ನಿನಗೆ ನೆನಪಿರುವುದೆಲ್ಲ ಬರೆ. ನಾನು ಹೆದರುವುದಿಲ್ಲ.

ಹೆದರುತ್ತೇನೆ, ಆದರೂ ಬರೆ.

ಎರಡಕ್ಕೆ ಹತ್ತು ನಿಮಿಷ

ಅವನು ಮಲಗಿ ನಾಲ್ಕು ಗಂಟೆಯಾಗಲು ಇನ್ನು ಇಪ್ಪತ್ತು ನಿಮಿಷ. ನನ್ನ ರವಿಕೆಯೆಲ್ಲ ಒದ್ದೆಯಾಗಿದೆ. ಸೂಜಿ ಅಕ್ಕ ಮೆಟ್ಟಿಲ ಬುಡದಿಂದ, "ಎಬ್ಬಿಸ್ದ್ಯಾ?" ಅಂದಳು. ಇಲ್ಲ ಅಂದೆ. "ನನ್ನಾಣೆಗೂ?" ಅಂದಳು. ಈ ಮನೆಯಲ್ಲಿ ಇನ್ನು ಆಣೆ ಇಡುವ ಹಾಗಿಲ್ಲ ಅಂದೆ.

ಅಮ್ಮ, ನನಗೆ ಆಗುತ್ತಿಲ್ಲ. ಇನ್ನು ಐದು ನಿಮಿಷ ನೋಡಿ ಎಬ್ಬಿಸಿಬಿಡುತ್ತೇನೆ. ಹತ್ತು ವರ್ಷ ನೀನು ಇದನ್ನು ಹೇಗೆ ತಡೆದುಕೊಂಡೆ?

ತುಟಿ ಅಲ್ಲಾಡಿತು. ಇಲ್ಲ, ಮತ್ತೆ ಸುಮ್ಮನಾದ.

ಮುಷ್ಟಿ ಮೇಲಕ್ಕೆ ಬಂತು. ಬಾಯಿ ಹುಡುಕುತ್ತಿದೆ. ತಲೆ ಹೊರಳಿಸಿದ.

ಕಣ್ಣು ಬಿಟ್ಟಿದ್ದಾನೆ ಅಮ್ಮ. ನಾನು ಮುಟ್ಟಲಿಲ್ಲ, ಕರೆಯಲಿಲ್ಲ. ತಾನಾಗೇ ಎದ್ದ.

ಪುಟ್ಟಿ